ನಿನಗೆಂದು ಕಳಿಸಿದ ದನಿ

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ, ಹಿಂದಿನ ಮೆಟ್ಟಿಲು
ಜೂನ್ 8, ಭಾನುವಾರ

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಬಿಸಿನೀರು ಕುಡಿಯುವುದನ್ನು ಬಿಟ್ಟಿರುತ್ತೀಯ, ನನಗೆ ಗೊತ್ತು. ಅಮ್ಮ ಚೆನ್ನಾಗಿದ್ದಾಳೆ, ಮೊಣಕಾಲು ಮಾತ್ರ ಹಠ ಮಾಡುತ್ತದೆ. ಈ ಸಲ ಪುಟ್ಟಿ ಫೋನಿನಲ್ಲಿ ದನಿ ಕಳಿಸದೆ ಕಾಗದ ಬರೆದಿದ್ದಾಳಲ್ಲ ಎಂದು ನಿನಗೆ ಆಶ್ಚರ್ಯವಾಗಬಹುದು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಕೂಡಿಸಿಕೊಂಡು ಓದು.

ನಾನು ಹೆಚ್ಚು ಮಾತಾಡುವವಳಲ್ಲ. ಇಲ್ಲಿ ನನ್ನ ದನಿ ಕೇಳಿಸುತ್ತಿದ್ದದ್ದು ಹಾಸಿಗೆ ಬಟ್ಟೆ ಮಡಿಸುವಾಗ ಮಾತ್ರ. ಆ ತುದಿ ಇಸ್ತ್ರಿಯಮ್ಮ, ಈ ತುದಿ ನಾನು. ಕೈ ತಪ್ಪದಿರಲೆಂದು "ಹಿಡೀರಿ, ಎಳೀರಿ, ಬನ್ನಿ" ಎಂದು ಕೂಗುತ್ತಿದ್ದೆ, ಅಷ್ಟೇ. ಉಳಿದ ಮಾತನ್ನೆಲ್ಲ ನಿನಗೆಂದು ಎತ್ತಿಡುತ್ತಿದ್ದೆ. "ನಿನ್ನ ದನಿ ಕೇಳಿದ್ರೆ ಊಟ ಸೇರತ್ತೆ ಪುಟ್ಟಿ, ಬೈಯೋದನ್ನೂ ಕಳ್ಸು, ಸಮಾಧಾನ ಮಾಡೋದನ್ನೂ ಕಳ್ಸು" ಎಂದು ನೀನು ಹೇಳಿದ ಮೇಲೆ, ದಿನಾ ನೀರಿನ ಟ್ಯಾಂಕಿನ ಮರೆಯಲ್ಲಿ ಕೂತು ಫೋನಿಗೆ ಬಾಯಿ ಹಚ್ಚಿ ವಟವಟ ಎನ್ನುತ್ತಿದ್ದೆ. ನೋಡಿದವರು ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಈಚೆಗೆ ಇಲ್ಲಿ ರಜೆ ಕೊಡುವುದು ಮೇಸ್ತ್ರಿಯಲ್ಲ, ಒಂದು ಯಂತ್ರ. ಫೋನ್ ಮಾಡಿದರೆ ಅದೇ ಕೇಳುತ್ತದೆ, ಅದೇ ತೀರ್ಮಾನ ಮಾಡುತ್ತದೆ. ಮಗಳಿಗೆ ಹೆರಿಗೆ ನೋವು ಬಂದಾಗ ಇಸ್ತ್ರಿಯಮ್ಮ ರಜೆ ಕೇಳಿದರು. ಸಿಗಲಿಲ್ಲ. ಆದರೂ ಹೋದರು. ಮಾರನೆಯ ದಿನ ಯಂತ್ರವೇ ಅವರಿಗೆ ಫೋನ್ ಮಾಡಿತು: "ಬೇಜಾರ್ ಮಾಡ್ಕೋಬೇಡಿ, ಆಯ್ತಾ? ನಾಳೆಯಿಂದ ಕೆಲಸಕ್ಕೆ ಬರಬೇಡಿ." ಅದು ನನ್ನ ದನಿ ಅಣ್ಣಾ.

ಅವರು ನೆಟ್ಟಗೆ ಬಂದು ಎಲ್ಲರೆದುರು ಕೇಳಿದರು: "ಮೂಗಿ ಹಾಗಿದ್ಯಲ್ಲೇ, ನನ್ನ ಅನ್ನ ಕಿತ್ಕೊಳ್ಳೋಕೆ ಬಾಯಿ ಬಂತಾ?" ನಾನಲ್ಲ ಎನ್ನಲು ಬಾಯಿ ತೆರೆದೆ. ಬಂದದ್ದು ಅದೇ ದನಿ. ಮುಚ್ಚಿಕೊಂಡೆ.

ಆಮೇಲೆ ನಾನೇ ಆ ಯಂತ್ರಕ್ಕೆ ಫೋನ್ ಮಾಡಿ ಅದರ ದನಿ ಕೇಳಿದೆ. "ಆಯ್ತಾ" ಎಂದ ಮೇಲೆ ಸಣ್ಣ ನಗು ಬರುತ್ತದಲ್ಲ, ನಿನ್ನ ಹತ್ತಿರ ಮಾತ್ರ ನಗುವ ನಗು, ಅದೂ ಇತ್ತು. ಮ್ಯಾನೇಜರನ್ನು ಕೇಳಿದರೆ, ಯಂತ್ರ ಮಾಡಿದ್ದೇ ನೀನು ಕೆಲಸ ಮಾಡುವ ಕಂಪನಿಯಂತೆ, ದನಿಯನ್ನು ಮನೆಯವರೇ ಒಪ್ಪಿ ಕೊಟ್ಟಿದ್ದಾರಂತೆ. ಮನೆಯವರು ಎಂದರೆ ನೀನು. ನಾನು ಉಟ್ಟು ಬಿಟ್ಟ ಹಳೆ ಬಟ್ಟೆಯ ಹಾಗೆ ಕೊಟ್ಟುಬಿಟ್ಟೆಯಲ್ಲ. ನಿನಗೆ ಯಾವತ್ತೂ ಇಲ್ಲ ಅಂದವಳಲ್ಲ ನಾನು. ಅದಕ್ಕೇ ಕೇಳುವುದೇ ಬೇಡ ಅನ್ನಿಸಿತೇ?

ಅಮ್ಮನಿಗೆ ಇದನ್ನೆಲ್ಲ ಹೇಳಿಲ್ಲ. ನಿನಗೆ ಆಶೀರ್ವಾದ ತಿಳಿಸೆಂದಳು, ತಿಳಿಸಿದ್ದೇನೆ. ಎದೆ ಮುಚ್ಚಿಕೊಂಡು ಮಲಗು.

ನಿನ್ನ ತಂಗಿ,
ಪುಟ್ಟಿ

ಮತ್ತೊಂದು: ಬುಧವಾರ ಸರ್ಕಾರದ ಅಧಿಕಾರಿ ಬರುತ್ತಾರೆ. ಯಂತ್ರವೊಂದೇ ಯಾರ ಕೆಲಸವನ್ನೂ ತೆಗೆಯಬಾರದು, ಮೊದಲು ಮನುಷ್ಯರು ಕೂತು ಅವರ ಮಾತು ಕೇಳಬೇಕು, ಒಬ್ಬರ ದನಿಯನ್ನು ಅವರನ್ನು ಕೇಳದೆ ತೆಗೆದುಕೊಳ್ಳಬಾರದು ಎಂದು ಕಾನೂನು ತರುತ್ತಾರಂತೆ. ಅದಕ್ಕೆ ನಮ್ಮ ಮಾತು ಬೇಕಂತೆ. ಇಸ್ತ್ರಿಯಮ್ಮನಿಗೆ ಎಲ್ಲ ಹೇಳಿದೆ. ನಂಬಿದರೋ ಇಲ್ಲವೋ, ಪಕ್ಕದಲ್ಲಿ ನಿಲ್ಲುತ್ತೇನೆ ಅಂದಿದ್ದಾರೆ. ನಾನು ಮಾತಾಡುತ್ತೇನೆ. ದನಿ ಯಾರು ಕೊಟ್ಟರು ಎಂದು ಕೇಳಿದರೆ ನಿನ್ನ ಹೆಸರು ಹೇಳುತ್ತೇನೆ. ಬೇಡ ಅನ್ನಲು ಫೋನ್ ಮಾಡಬೇಡ. ಅದು ನೀನೇ ಎಂದು ನಾನು ಹೇಗೆ ನಂಬಲಿ? ಬಂದು ಎದುರಿಗೆ ನಿಂತು ಹೇಳು.