ಗಂಜಿ ಕುಡಿದ ಹೆಸರುಗಳು

ಹೊಲಿಗೆ ಕೋಣೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನಿನ್ನ ಸೊಂಟನೋವು ಹೇಗಿದೆ? ನಿಮ್ಮ ಯಜಮಾನರ ಕೆಮ್ಮು ಹೋಯಿತೇ? ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡೇ ಬೈಯಲು ಕೂತಿದ್ದೇನೆ. ಫೋನಿನಲ್ಲಿ ಬೈದರೆ ನೀನು ಅಳುತ್ತೀಯ, ನನ್ನ ಬಾಯಿ ಅರ್ಧಕ್ಕೇ ಕಟ್ಟಿಹೋಗುತ್ತದೆ. ಕಾಗದಕ್ಕೆ ಆ ಕಷ್ಟವಿಲ್ಲ.

ಮಗಳ ಮದುವೆಗೆ ಬಂದವರೆಲ್ಲ ಒಂದೊಂದು ಬಟ್ಟೆಯ ಚೌಕದ ಮೇಲೆ ಹೆಸರು ಬರೆಯಲಿ, ಅವನ್ನು ಸೇರಿಸಿ ಅವಳಿಗೊಂದು ಕೌದಿ ಹೊಲಿಯುತ್ತೇನೆ ಎಂದಿದ್ದೆ. ಅದಕ್ಕೆಂದೇ ಬಿಳಿ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಅಂಗಡಿಯ ಗಂಜಿಯನ್ನೆಲ್ಲ ಬಿಡಿಸಿ, ಇಸ್ತ್ರಿ ಮಾಡಿ, ಕತ್ತರಿಸಿ, ಹೊಲಿಗೆಗೆ ಅಂಚು ಬಿಟ್ಟು ಪೆನ್ಸಿಲ್ ಗೆರೆ ಎಳೆದಿಟ್ಟಿದ್ದೆ. ನೀನು ಬಂದವಳೇ, ನನ್ನನ್ನು ಒಂದು ಮಾತೂ ಕೇಳದೆ, ಅಷ್ಟನ್ನೂ ಮತ್ತೆ ಗಂಜಿಯಲ್ಲಿ ಅದ್ದಿದೆ! ಮೊನ್ನೆ ಕೇಳಿದರೆ, “ಜೋತುಬಿದ್ದಿತ್ತು ಅಕ್ಕಾ, ಚೆನ್ನಾಗಿ ಕಾಣ್ಲಿ ಅಂತ ಹಾಕ್ದೆ, ಅದಕ್ಕೇನೀಗ?” ಅದಕ್ಕೇನೀಗ ಅಂದರೆ, ಶಾಯಿ ಗಂಜಿಯ ಮೇಲೆ ಕೂತಿತ್ತು, ನೂಲಿಗೆ ಇಳಿದೇ ಇರಲಿಲ್ಲ. ಹೊಲಿಯುವ ಮೊದಲು ಒಮ್ಮೆ ಒಗೆದರೆ ಬಕೆಟ್ ತುಂಬ ನೀಲಿ ನೀರು, ಚೌಕಗಳೆಲ್ಲ ಬೋಳು.

ಉಳಿದವರ ಮನೆಬಾಗಿಲಿಗೆ ಹೋಗಿ ಹಲ್ಲುಗಿಂಜಿ ಮತ್ತೆ ಬರೆಸಿಯೇನು. ಅಪ್ಪನ ಹತ್ತಿರ ಹೇಗೆ ಬರೆಸಲಿ? ಮದುವೆಯ ದಿನ ಎಷ್ಟು ಹೊತ್ತು ಕೈ ಪಳಗಿಸಿಕೊಂಡು ಬರೆದಿದ್ದರು. ಈಗ ಆ ಬಲಗೈಗೆ ಚಮಚ ಹಿಡಿಯುವ ಶಕ್ತಿಯೂ ಇಲ್ಲ. “ತಾತನ ಚೌಕ ಮಧ್ಯದಲ್ಲೇ ಇರ್ಲಮ್ಮ” ಎಂದು ಹೇಳಿ ಹೋಗಿರುವ ಮಗಳಿಗೆ ನಾನಿನ್ನೂ ವಿಷಯ ತಿಳಿಸಿಲ್ಲ. ನೆನೆದರೆ ಮೈಯೆಲ್ಲ ಉರಿಯುತ್ತದೆ. ಚಿಕ್ಕಂದಿನಿಂದಲೂ ಅಷ್ಟೇ, ನಾನು ಮಾಡಿ ಮುಗಿಸಿದ್ದರಲ್ಲಿ ನೀನು ಕೈಯಾಡಿಸದಿದ್ದರೆ ನಿನಗೆ ತಿಂದದ್ದು ಅರಗುವುದಿಲ್ಲ. ಅಪ್ಪ ಒಂದು ದಿನವಾದರೂ ನಿನಗೆ ಗದರಿದ್ದರೆ ತಾನೆ!

ಮಕ್ಕಳಿಗೆ ನನ್ನ ಮುದ್ದು, ಯಜಮಾನರಿಗೆ ನಮಸ್ಕಾರ. ನಿನಗೆ ಸದ್ಯಕ್ಕೆ ಏನೂ ಇಲ್ಲ.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ತುಂಡುಬಟ್ಟೆಯ ಚೀಲದಲ್ಲಿ ಅಪ್ಪ ಕೈ ಪಳಗಿಸಿದ ತುಂಡು ಸಿಕ್ಕಿತು. ಪೆನ್ನು ಪರೀಕ್ಷಿಸಲು ನಾನು ತೆಗೆದಿಟ್ಟದ್ದು, ನಿನ್ನ ಗಂಜಿ ಸೋಕಿಲ್ಲ. ಸೋಪು ಹಾಕಿ ಉಜ್ಜಿದೆ, ಅಕ್ಷರ ಅಲುಗಲಿಲ್ಲ. ಮೇಲೆ ಅಪ್ಪನ ಹೆಸರು, ಅದಕ್ಕೆ ಒತ್ತಿಕೊಂಡೇ ಕೆಳಗೆ ‘ಗುಬ್ಬಿ’. ನನ್ನ ಹೆಸರಿಲ್ಲ, ಮದುಮಗಳದೂ ಇಲ್ಲ. ನಿನ್ನದನ್ನು ಕತ್ತರಿಸಿ ತೆಗೆಯೋಣವೆಂದು ಕತ್ತರಿ ಹಿಡಿದೆ, ಮನಸ್ಸು ಬರಲಿಲ್ಲ. ಹಾಗೆಯೇ ಮಧ್ಯದಲ್ಲಿಡುತ್ತೇನೆ. ಬೇಗ ಬಂದು ಆ ಒಂದು ಚೌಕವನ್ನು ನೀನೇ ಹೊಲಿ. ನನ್ನ ಕೈಯಲ್ಲಿ ಆಗುವುದಿಲ್ಲ.