ಮೆತ್ತಗೆ ಪುಡಿಯಾದ ಹರಳು

ಮಾರ್ಚ್ ೧೪, ಗುರುವಾರ

ಭಾವನಿಗೆ ಫೋನು ಮಾಡಬಾರದಿತ್ತೇನೋ.

ಅಕ್ಕನ ಗಾಯದಲ್ಲಿ ಯಾವ ಔಷಧಿಗೂ ಬಗ್ಗದೆ ಅವಳನ್ನೇ ಮುಗಿಸಿದ ಬ್ಯಾಕ್ಟೀರಿಯಾ. ನಮ್ಮ ಲ್ಯಾಬಿನಲ್ಲಿ ಅದರ ಪ್ರೋಟೀನು ಹರಳುಗಟ್ಟಲು ಎಂಟು ತಿಂಗಳು ಹಿಡಿಯಿತು. ಹೋದ ಸಲ ಉಪ್ಪಿನ ಹರಳನ್ನೇ ಪ್ರೋಟೀನೆಂದು ನಂಬಿ ಭಾವನ ಮುಂದೆ ಕುಣಿದಿದ್ದೆ, ಥೂ. ಅದಕ್ಕೇ ಇವತ್ತು ಮೊದಲು ಒಂದು ಹರಳನ್ನು ಸೂಜಿಯಿಂದ ಒತ್ತಿ ನೋಡಿದೆ. ಉಪ್ಪಾಗಿದ್ದರೆ ಗಟ್ಟಿಯಾಗಿ ಟಕ್ಕೆನ್ನುತ್ತಿತ್ತು. ಮೆತ್ತಗೆ ಪುಡಿಯಾಯಿತು. ಪ್ರೋಟೀನೇ! ಔಷಧಿ ಅದನ್ನು ಎಲ್ಲಿ ಹಿಡಿಯಬೇಕೆಂದು ಉಳಿದ ಮೂರು ಹರಳುಗಳಿಗೆ ಎಕ್ಸ್-ರೇ ಹಾಯಿಸಿ ಹುಡುಕಬಹುದು.

ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಭಾವ ಕೇಳಿದ್ದು ಒಂದೇ.

“ಹಾಗಾದ್ರೆ ಆ ಕ್ರಿಮಿ ಇನ್ನು ಸತ್ತ ಹಾಗೇನಾ?”

“ಇಲ್ಲ ಭಾವ. ಎಲ್ಲ ಸರಿಹೋದ್ರೂ ಔಷಧಿ ಬರೋಕೆ ಹತ್ತು ವರ್ಷ ಬೇಕು.”

ಆ ಕ್ರಿಮಿ ಪ್ರಯೋಗಕ್ಕೆಂದು ಲ್ಯಾಬಿನ ಫ್ರೀಜರಿನಲ್ಲಿ ಜೀವಂತವಾಗಿದೆ, ಸಾಯದಂತೆ ಅದನ್ನು ಕಾಯುತ್ತಿರುವವಳು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ.