ಮೂರನೆಯ ಪೀಠ ನನ್ನ ಬಾಗಿಲಲ್ಲಿದೆ

ಫಾದರ್ ಲುಡ್ಗರ್ ಅವರೇ,

ಕ್ಷೇಮ ವಿಚಾರಿಸುವಷ್ಟು ತಾಳ್ಮೆ ಇವತ್ತು ನನಗಿಲ್ಲ. ಚಿಕ್ಕಂದಿನಲ್ಲೇ ಶಾಲೆ ಬಿಡಿಸಿ ನನ್ನನ್ನು ಹಾಲು ಕರೆಯಲು ಕೂರಿಸಿದರು. ಅಕ್ಷರ ಸೊಟ್ಟಗಿದ್ದರೆ ನಿಧಾನವಾಗಿ ಓದಿಕೊಳ್ಳಿ. ವಿಷಯ ನೆಟ್ಟಗಿದೆ.

ಭಾನುವಾರ ಪೂಜೆ ಮುಗಿಸಿ ನನ್ನ ಅಡುಗೆಮನೆಗೆ ಬಂದಿರಿ. ಚೆರ್ರಿ ಕೇಕು ತಿಂದಿರಿ, ಇನ್ನೊಂದು ತುಂಡನ್ನೂ ಬೇಡ ಅನ್ನಲಿಲ್ಲ. ಆಮೇಲೆ ಬಾಯಿ ಒರೆಸಿಕೊಂಡು ಹೇಳಿದಿರಿ: "ಅಮ್ಮಾ, ಗುರುವಾರ ಪರಮಪ್ರಸಾದದ ಮೆರವಣಿಗೇಲಿ ನಿಮ್ಮ ಮೊಮ್ಮಗ ಮೇಲ್ಕಟ್ಟಿನ ಕೋಲು ಹಿಡಿಯೋದು ಬೇಡ. ಕ್ವಿರಿನ್ ಆ ವೆಂಡೆಲಿನ್ ಜೊತೆ ಸಂಸಾರ ಮಾಡ್ತಿರೋದು ಊರಿಗೇ ಗೊತ್ತು."

"ಅವನೇನು ಕದ್ದನಾ, ಕೊಂದನಾ?" ಅಂದೆ.

"ಗಂಡಸಿನ ಮೇಲೆ ಮನಸ್ಸಾಗೋದು ಪಾಪ ಅಲ್ಲಮ್ಮ, ಹಾಗೆ ಬಾಳೋದು ಪಾಪ. ನನ್ನ ಮಾತಲ್ಲ ಇದು, ಧರ್ಮಸಭೆಯ ಬೋಧನೆ. ಒಂಟಿಯಾಗಿ, ಶುದ್ಧವಾಗಿ ಇರಲಿ, ನಾನೇ ಕರೆದು ಕೋಲು ಕೊಡ್ತೀನಿ."

ಹಸಿವಾಗುವುದು ತಪ್ಪಲ್ಲ, ಉಣ್ಣುವುದು ತಪ್ಪು ಅಂದ ಹಾಗಾಯಿತು. ಅದೂ ನನ್ನ ಕೇಕು ತಿಂದ ಬಾಯಲ್ಲಿ!

ಜನವರಿಯಲ್ಲಿ ಅವರಿಬ್ಬರೂ ಹೊಸ ಮನೆಗೆ ನಿಮ್ಮ ಆಶೀರ್ವಾದ ಕೇಳಲು ಬಂದಾಗಲೂ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಿರಿ. ವೆಂಡೆಲಿನ್ ತಂದಿದ್ದ ಮೇಣದಬತ್ತಿಯನ್ನು ಹಾಗೇ ವಾಪಸು ಒಯ್ದ. ಆಗ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ಈ ಸಲ ಸುಮ್ಮನಿರಲಾರೆ. ಸುದ್ದಿ ಕೇಳಿ ಕ್ವಿರಿನ್ ಜಗಳವಾಡಲಿಲ್ಲ. ಕೋಲು ಹಿಡಿಯುವವರು ಹಾಕುವ ಬಿಳಿ ಕೈಗವಸನ್ನು ಮಡಿಸಿ ನನ್ನ ಮೇಜಿನ ಮೇಲಿಟ್ಟ. "ಒಗೆದಿಡು ಅಜ್ಜಿ, ನನ್ನ ಜಾಗಕ್ಕೆ ಬರೋನಿಗೆ ಬೇಕಾಗುತ್ತೆ" ಅಂದ. ಅಷ್ಟು ದೊಡ್ಡ ಆಳು, ತಲೆ ಎತ್ತಿ ನನ್ನ ಮುಖ ನೋಡಲಿಲ್ಲ.

ಆ ಕೋಲಿನ ಕಥೆ ನಿಮಗೆ ಗೊತ್ತಿಲ್ಲ, ಹೇಳುತ್ತೇನೆ. ಅವನಿಗಿಂತ ಮುಂಚೆ ಅದನ್ನು ಹಿಡಿಯುತ್ತಿದ್ದವನು ನನ್ನ ಗಂಡ. ಬುಧವಾರ ಕುಡಿದು ಬಂದು ನನ್ನ ಹಲ್ಲು ಮುರಿದ ಕೈಗೇ ಗುರುವಾರ ಬೆಳಿಗ್ಗೆ ಬಿಳಿ ಕೈಗವಸು ಹಾಕಿಕೊಂಡು ದೇವರ ಮೇಲೆ ನೆರಳು ಹಿಡಿಯುತ್ತಿದ್ದ. ನಿಮಗಿಂತ ಹಿಂದೆ ಇಲ್ಲಿದ್ದ ಫಾದರ್‌ಗೆ ಬಾಯಿ ತೆರೆದು ತೋರಿಸಿದೆ. "ಸಹಿಸ್ಕೋ ವಾಲ್ಬುರ್ಗಾ, ಮದುವೆ ಪವಿತ್ರ" ಅಂದರು. ಅವನ ಕೈಯಿಂದ ಯಾರೂ ಕೋಲು ಕಿತ್ತುಕೊಳ್ಳಲಿಲ್ಲ. ನಾನು ಕಾಯಿಲೆ ಬಿದ್ದಾಗ ನನ್ನನ್ನು ಎತ್ತಿ ಕೂರಿಸಿ ಸೂಪು ಕುಡಿಸಿದ ವೆಂಡೆಲಿನ್‌ನಿಂದ ಮಾತ್ರ ನಿಮ್ಮ ಧರ್ಮಸಭೆಗೆ ಮೈಲಿಗೆ. ಥೂ!

ನೀವು ಉತ್ತರದವರು, ನಮ್ಮ ಹಳ್ಳಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಕೋಲು ಕಿತ್ತುಕೊಳ್ಳುವ ಮುಂಚೆ ಮೆರವಣಿಗೆಯ ದಾರಿ ಕೇಳಿಕೊಳ್ಳಬೇಕಿತ್ತು. ದಾರಿಯುದ್ದಕ್ಕೂ ಬರ್ಚ್ ಮರದ ಕೊಂಬೆ ನೆಟ್ಟು, ಪರಮಪ್ರಸಾದ ಇಳಿಸಲು ನಾಲ್ಕು ಮನೆಗಳ ಮುಂದೆ ಪೀಠ ಕಟ್ಟುತ್ತೇವೆ. ಮೂರನೆಯದು ನನ್ನ ಬಾಗಿಲಿನದು. ಕಟ್ಟುವುದಿಲ್ಲ ಅಂತ ಹಟ ಹಿಡಿಯುತ್ತೇನೆ ಅಂದುಕೊಂಡಿರಾ? ಇಲ್ಲ. ಬಿಳಿ ಬಟ್ಟೆ ಹಾಸುತ್ತೇನೆ, ತೋಟದ ಹೂವನ್ನೆಲ್ಲ ಕಿತ್ತು ತಂದು ಸುರಿಯುತ್ತೇನೆ. ನೀವು ಬಂದು ಮಂಡಿಯೂರುತ್ತೀರಿ. ಆಮೇಲೆ ಸಾಕ್ಷಾತ್ ಕ್ರಿಸ್ತನೇ ಆದ ಪರಮಪ್ರಸಾದದ ರೊಟ್ಟಿಯನ್ನು ಎತ್ತಿ ಹಿಡಿದು ನಾಲ್ಕು ದಿಕ್ಕಿಗೂ ಆಶೀರ್ವಾದ ಕೊಡಬೇಕು. ಅದು ಇಲ್ಲಿನ ಪದ್ಧತಿ. ಒಂದು ದಿಕ್ಕಿಗೆ ಹೊಲ, ಒಂದಕ್ಕೆ ಬೀದಿ, ಒಂದಕ್ಕೆ ದನದ ಕೊಟ್ಟಿಗೆ. ಇನ್ನೊಂದು ನನ್ನ ಬಾಗಿಲು.

ಆ ಬಾಗಿಲಲ್ಲಿ ಅವರಿಬ್ಬರೂ ಅಕ್ಕಪಕ್ಕ ನಿಂತಿರುತ್ತಾರೆ. ಕೈಗವಸು ಒಗೆದಿಟ್ಟಿದ್ದೇನೆ, ಕ್ವಿರಿನ್ ಅದನ್ನೇ ತೊಟ್ಟಿರುತ್ತಾನೆ. ವೆಂಡೆಲಿನ್ ಕೈಯಲ್ಲಿ ಜನವರಿಯ ಅದೇ ಮೇಣದಬತ್ತಿ ಉರಿಯುತ್ತಿರುತ್ತದೆ. ದನಗಳಿಗೆ ಕೊಟ್ಟ ಆಶೀರ್ವಾದವನ್ನು ಆ ಮಕ್ಕಳಿಗೆ ಕೊಡದೆ ತಿರುಗಿದರೆ ಇಡೀ ಊರು ನೋಡುತ್ತದೆ. ನಿಮ್ಮ ಕೈಯಲ್ಲಿರುವವನೂ ನೋಡುತ್ತಾನೆ.

ಗುರುವಾರ ಮಳೆ ಬಾರದಿರಲಿ. ನನ್ನ ಬಾಗಿಲ ಕಡೆ ತಿರುಗುವಾಗ ದೇವರು ನಿಮ್ಮ ಕೈಗೆ ಬಲ ಕೊಡಲಿ.

ಮೂರನೆಯ ಪೀಠದ ಮನೆಯ
ವಾಲ್ಬುರ್ಗಾ